ಸದನ ಸಮಿತಿಯ ಮುಂದೆ ಸಾಕ್ಷ್ಯ ಹೇಳುವವರಿಗೆ ಕಾನೂನಿನ ರಕ್ಷಣೆ ಎಲ್ಲಿಯವರೆಗೆ?

ಬಾಂದುಕಲ್ಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಭೂಮಾಪನದ ಕೆಲಸದಲ್ಲಿ ಇಪ್ಪತ್ತಾರು ವರ್ಷ ಕಳೆದಿರುವ ಸರ್ಕಾರಿ ನೌಕರ. ನಿವೃತ್ತಿಗೆ ಇನ್ನು ನಾಲ್ಕು ವರ್ಷ ಬಾಕಿ ಇದೆ. ಊರು, ತಾಲ್ಲೂಕು, ಕೆರೆಯ ಹೆಸರು ಇಲ್ಲಿ ಬೇಡ. ಕೆಲವು ವರ್ಷಗಳ ಹಿಂದೆ ಒಂದು ಕೆರೆಯ ಒತ್ತುವರಿ ಅಳತೆಯನ್ನು ನನಗೆ ವಹಿಸಿದ್ದರು. ಆಕಾರಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ ನಮೂದಿಸಿರುವ ಮೂಲ ದಾಖಲೆ) ಪ್ರಕಾರ ಕೆರೆಯ ವಿಸ್ತೀರ್ಣ 38 ಎಕರೆ 12 ಗುಂಟೆ. ಗ್ರಾಮ ನಕ್ಷೆಯನ್ನೂ ಹಳೆಯ ಟಿಪ್ಪಣಿಯನ್ನೂ ಮುಂದಿಟ್ಟುಕೊಂಡು ಏರಿಯಿಂದ ಕೋಡಿಯವರೆಗೆ ಮೂರು ದಿನ ಅಳೆದಾಗ ನೆಲದ ಮೇಲೆ ಸಿಕ್ಕಿದ್ದು 31 ಎಕರೆ ಚಿಲ್ಲರೆ; ಉಳಿದದ್ದು ಬಡಾವಣೆಯೊಂದರ ಕಾಂಪೌಂಡಿನೊಳಗೆ ಸೇರಿಹೋಗಿತ್ತು. ಒತ್ತುವರಿಯನ್ನು ಕೆಂಪು ಶಾಯಿಯಲ್ಲಿ ಗುರುತಿಸಿ, ನಕ್ಷೆಗೆ ಸಹಿ ಹಾಕಿ ಕೊಟ್ಟೆ. ಆಮೇಲೆ ಅದೇ ಕಡತದಲ್ಲಿ ಇನ್ನೊಂದು ನಕ್ಷೆ ಬಂದು ಕೂತಿತು. ಅದರಲ್ಲಿ ಕೆಂಪು ಗೆರೆಯೂ ಇಲ್ಲ, ನನ್ನ ಸಹಿಯೂ ಇಲ್ಲ.

ಈಗ ಈ ವಿಷಯವನ್ನು ಸದನ ಸಮಿತಿಯೊಂದು ಕೈಗೆತ್ತಿಕೊಂಡಿದೆ. ಮೂಲ ದಾಖಲೆಗಳೊಂದಿಗೆ ಖುದ್ದಾಗಿ ಹಾಜರಾಗಿ ಸಾಕ್ಷ್ಯ ನೀಡಬೇಕೆಂದು ನನಗೆ ಪತ್ರ ಬಂದಿದೆ. ಮರುದಿನವೇ ಮೇಲಧಿಕಾರಿಯೊಬ್ಬರು ಮೆಟ್ಟಿಲ ಬಳಿ ನಿಲ್ಲಿಸಿ, "ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಪೆನ್ಷನ್ ಹತ್ತಿರ ಬಂದಿದೆ" ಎಂದರು. ದನಿಯಲ್ಲಿ ಗದರಿಕೆ ಇರಲಿಲ್ಲ, ಹಿತವಚನದಂತೆಯೇ ಇತ್ತು. ಅದಕ್ಕೇ ನಿದ್ದೆ ಕೆಟ್ಟಿದೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಸಮಿತಿಯ ಮುಂದೆ ಬಡಾವಣೆಯವರ ಹೆಸರು ಹೇಳಿದರೆ ಅವರು ನನ್ನ ಮೇಲೆ ಮಾನನಷ್ಟ ಮೊಕದ್ದಮೆ ಹೂಡಬಹುದೇ? ನಾನು ನಿಜ ಹೇಳಿದ ಕಾರಣಕ್ಕೆ ಅಮಾನತೋ ವರ್ಗಾವಣೆಯೋ ಆದರೆ ಅದನ್ನು ತಡೆಯುವ ಕಾನೂನು ಇದೆಯೇ? ನ್ಯಾಯಾಲಯದ ಸಾಕ್ಷಿಗೆ ಇರುವಷ್ಟಾದರೂ ರಕ್ಷಣೆ ಸದನ ಸಮಿತಿಯ ಸಾಕ್ಷಿಗೆ ಇದೆಯೇ? ಸಾಕ್ಷ್ಯ ನೀಡಲು ಇಲಾಖೆಯ ಪೂರ್ವಾನುಮತಿ ಬೇಕು ಎಂದೂ ಒಬ್ಬರು ಹೆದರಿಸಿದ್ದಾರೆ. ಬಲ್ಲವರು ದಯವಿಟ್ಟು ತಿಳಿಸಿ.


ಕಲಂ_ಧಾರವಾಡ

ನಮಸ್ಕಾರ ಸರ್. ನಾನು ವಕೀಲೆ, ಸೇವಾ ಪ್ರಕರಣಗಳೇ ಹೆಚ್ಚು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಮಾಧಾನಕರವಾಗಿದೆ, ಎರಡನೆಯದಕ್ಕೆ ಅಷ್ಟಿಲ್ಲ.

ಸಂವಿಧಾನದ 194ನೆಯ ವಿಧಿಯ ಎರಡನೆಯ ಖಂಡವು ಸದನದಲ್ಲಿ ಅಥವಾ ಅದರ ಸಮಿತಿಯಲ್ಲಿ ಆಡಿದ ಮಾತಿಗಾಗಿ ಯಾವ ನ್ಯಾಯಾಲಯದಲ್ಲೂ ಕ್ರಮ ಜರುಗಿಸುವಂತಿಲ್ಲ ಎನ್ನುತ್ತದೆ. ಆದರೆ ಆ ಮಾತು ಸದಸ್ಯರಿಗೆ ಸಂಬಂಧಿಸಿದ್ದು. ನಾಲ್ಕನೆಯ ಖಂಡವು ಅದೇ ರಕ್ಷಣೆಯನ್ನು, ಸಂವಿಧಾನದ ಬಲದಿಂದಲೇ ಸದನದಲ್ಲಿ ಮಾತನಾಡುವ ಹಕ್ಕು ಪಡೆದ ಇತರರಿಗೆ, ಅಂದರೆ ಅಡ್ವೊಕೇಟ್ ಜನರಲ್ ಅವರಂಥವರಿಗೆ, ವಿಸ್ತರಿಸುತ್ತದೆ. ಕರೆಸಿಕೊಂಡ ಸಾಕ್ಷಿ ಈ ಎರಡೂ ಖಂಡಗಳೊಳಗೆ ನೇರವಾಗಿ ಬರುವುದಿಲ್ಲ, ಏಕೆಂದರೆ ಅವನು ಅಲ್ಲಿ ಹಕ್ಕಿನಿಂದ ಮಾತನಾಡುತ್ತಿಲ್ಲ, ಕರೆ ಬಂದದ್ದರಿಂದ ಮಾತನಾಡುತ್ತಿದ್ದಾನೆ. ಸಂಸತ್ತಿಗೆ ಸಂಬಂಧಿಸಿದ 105ನೆಯ ವಿಧಿಯೂ ಇದೇ ಎರಕದ್ದು.

ಹಾಗಾದರೆ ಸಾಕ್ಷಿಗೆ ನೆಲೆ ಎಲ್ಲಿ? ಮೂರನೆಯ ಖಂಡದಲ್ಲಿ. ಸದನದ, ಅದರ ಸದಸ್ಯರ ಮತ್ತು ಸಮಿತಿಗಳ ವಿಶೇಷಾಧಿಕಾರಗಳನ್ನು ಶಾಸನಸಭೆಯೇ ಕಾನೂನಿನ ಮೂಲಕ ನಿರೂಪಿಸುವವರೆಗೆ ಹಿಂದಿನಿಂದ ಬಂದವೇ ಮುಂದುವರಿಯುತ್ತವೆ ಎಂಬುದು ಅದರ ತಾತ್ಪರ್ಯ. 1978ರ 44ನೆಯ ತಿದ್ದುಪಡಿ ಬ್ರಿಟನ್ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್ ಹೆಸರನ್ನು ಅಲ್ಲಿಂದ ತೆಗೆದುಹಾಕಿತಾದರೂ ಒಳಗಿನ ಸರಕು ಅಲ್ಲಿಯದೇ. ಆ ಸದನವು 1689ರ ಮಾರ್ಚಿನಲ್ಲಿ, ಅಲ್ಲಿಯ ಅಂದಿನ ಲೆಕ್ಕದಂತೆ 1688ರಲ್ಲಿ, ತಾನು ಅಥವಾ ತನ್ನ ಸಮಿತಿ ಕರೆಸಿದ ಎಲ್ಲ ಸಾಕ್ಷಿಗಳಿಗೂ ಬರುವಾಗ, ಇರುವಾಗ, ಮರಳುವಾಗ ಸದನದ ರಕ್ಷಣೆ ಇದೆ ಎಂದು ನಿರ್ಣಯ ಮಾಡಿತ್ತು. ಸಾಕ್ಷಿಯನ್ನು ಬೆದರಿಸುವುದು ಅಥವಾ ಒಲಿಸಿಕೊಳ್ಳುವುದು ಸದನದ ನಿಂದನೆ ಎಂಬುದೂ ಅಲ್ಲಿಂದಲೇ ಬಂದ ರೂಢಿ. ಮಾನನಷ್ಟದ ವಿಷಯದಲ್ಲಿ 1881ರ ಗಾಫಿನ್ ವಿರುದ್ಧ ಡಾನೆಲ್ಲಿ ಪ್ರಕರಣ ನಿಮಗೆ ನೇರವಾಗಿ ಹೊಂದುತ್ತದೆ: ಕಾಮನ್ಸ್ ಸಮಿತಿಯೊಂದರ ಮುಂದೆ ಸಾಕ್ಷಿ ಹೇಳಿದ ಮಾತಿನ ಮೇಲೆ ಮಾನಹಾನಿಯ ದಾವೆ ನಡೆಯುವುದಿಲ್ಲ ಎಂದು ಅಲ್ಲಿನ ನ್ಯಾಯಾಲಯ ತೀರ್ಪು ಕೊಟ್ಟಿತು.

ಇಲ್ಲಿ ಒಂದು ವಿಚಿತ್ರವಿದೆ. ಸರ್ಕಾರ ನೇಮಿಸುವ ವಿಚಾರಣಾ ಆಯೋಗದ ಮುಂದೆ ನೀವು ಸಾಕ್ಷ್ಯ ಹೇಳುವುದಾಗಿದ್ದರೆ ಇಷ್ಟು ಸುತ್ತುವ ಅಗತ್ಯವೇ ಇರುತ್ತಿರಲಿಲ್ಲ. 1952ರ ವಿಚಾರಣಾ ಆಯೋಗಗಳ ಕಾಯ್ದೆಯ 6ನೆಯ ಪ್ರಕರಣವು, ಆಯೋಗದ ಮುಂದೆ ಸಾಕ್ಷ್ಯ ನೀಡುವಾಗ ಹೇಳಿದ ಮಾತನ್ನು ಆ ವ್ಯಕ್ತಿಯ ವಿರುದ್ಧ ಯಾವ ಸಿವಿಲ್ ಅಥವಾ ಕ್ರಿಮಿನಲ್ ವ್ಯವಹರಣೆಯಲ್ಲೂ ಬಳಸುವಂತಿಲ್ಲ, ಸುಳ್ಳು ಸಾಕ್ಷ್ಯದ ಮೊಕದ್ದಮೆ ಮಾತ್ರ ಇದಕ್ಕೆ ಹೊರತು ಎಂದು ಸ್ಪಷ್ಟವಾಗಿ ಬರೆದಿಟ್ಟಿದೆ. ಜನಪ್ರತಿನಿಧಿಗಳೇ ಕೂತು ನಡೆಸುವ ವಿಚಾರಣೆಯ ಸಾಕ್ಷಿಗೆ ಅಂಥದ್ದೊಂದು ಸಾಲು ನಮ್ಮಲ್ಲಿಲ್ಲ.

ಎಚ್ಚರಿಕೆಯ ಮಾತೊಂದು. ಈ ರಕ್ಷಣೆ ಆ ಕೊಠಡಿಯೊಳಗಿನ ಮಾತಿಗೆ ಮಾತ್ರ. ಹೊರಗೆ ಮೈಕ್ ಹಿಡಿದು ನಿಂತವರ ಮುಂದೆ ಅದನ್ನೇ ಪುನರುಚ್ಚರಿಸಿದರೆ ರಕ್ಷಣೆ ಅಲ್ಲಿಗೆ ಮುಗಿಯಿತು. ನ್ಯೂಜಿಲೆಂಡಿನ ಸಂಸದರೊಬ್ಬರು ಸದನದಲ್ಲಿ ಆಡಿದ ಮಾತನ್ನು ಹೊರಗೆ ಮತ್ತೆ ಹೇಳಲೂ ಇಲ್ಲ, ಹೇಳಿದ್ದರಿಂದ ಹಿಂದೆ ಸರಿಯುವುದಿಲ್ಲ ಎಂದಷ್ಟೇ ಪತ್ರಿಕೆಗೆ ತಿಳಿಸಿದರು; ಅಷ್ಟಕ್ಕೇ ಅವರು ಮಾನನಷ್ಟಕ್ಕೆ ಹೊಣೆ ಎಂದು 2004ರಲ್ಲಿ ಲಂಡನ್ನಿನ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ಆ ದೇಶ ಆಮೇಲೆ 2014ರಲ್ಲಿ ಕಾಯ್ದೆ ಮಾಡಿ ಅದನ್ನು ಸರಿಪಡಿಸಿಕೊಂಡಿತು, ಆ ಮಾತು ಬೇರೆ. ನೀವಂತೂ ಹೊರಗೆ ಬಂದ ಮೇಲೆ "ಸಮಿತಿಯನ್ನೇ ಕೇಳಿ" ಎಂದು ನಡೆದುಬಿಡಿ. ವಾಟ್ಸ್‌ಆ್ಯಪ್ ಗುಂಪಿಗೂ ಇದೇ ಮಾತು ಅನ್ವಯಿಸುತ್ತದೆ.

ಪೂರ್ವಾನುಮತಿಯ ಬೆದರಿಕೆಗೆ ಸೊಪ್ಪು ಹಾಕಬೇಡಿ. ಕೇಂದ್ರ ನೌಕರರ 1964ರ ನಡತೆ ನಿಯಮಗಳ 10ನೆಯ ನಿಯಮವು ಸಮಿತಿಗಳ ಮುಂದೆ ಸಾಕ್ಷ್ಯ ನೀಡಲು ಅನುಮತಿ ಬೇಕೆನ್ನುತ್ತದೆ, ನಿಜ. ಆದರೆ ಸರ್ಕಾರ, ಸಂಸತ್ತು ಅಥವಾ ರಾಜ್ಯ ವಿಧಾನಮಂಡಲ ನೇಮಿಸಿದ ಪ್ರಾಧಿಕಾರದ ಮುಂದಿನ ಸಾಕ್ಷ್ಯಕ್ಕೆ ಅದು ಅನ್ವಯಿಸುವುದಿಲ್ಲ ಎಂದು ಕೆಳಗೇ ಬರೆದಿದೆ. ರಾಜ್ಯದ ನಡತೆ ನಿಯಮಗಳೂ ಬಹುಮಟ್ಟಿಗೆ ಇದೇ ಅಚ್ಚಿನವು. ಪುಸ್ತಕ ತೆರೆದು ಆ ಪುಟಕ್ಕೆ ಒಂದು ಚೀಟಿ ಇಟ್ಟುಕೊಳ್ಳಿ.


ಶೀಘ್ರಲಿಪಿ

ನಾನು ಶಾಸನಸಭೆಯ ಕಲಾಪಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ ವರದಿಗಾರ. ನಿವೃತ್ತನಾಗಿ ಹಲವು ವರ್ಷಗಳಾದವು. ಕಾನೂನನ್ನು ಮೇಡಂ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಒಳಗೆ ಏನಾಗುತ್ತದೆ ಎಂಬುದನ್ನು ನಾನು ಹೇಳುತ್ತೇನೆ, ಏಕೆಂದರೆ ಸಾಕ್ಷಿಯ ರಕ್ಷಣೆ ಅರ್ಧ ಅಲ್ಲಿಯೇ ಇದೆ, ಅದು ತಿಳಿಯದೆ ಕಳೆದುಕೊಳ್ಳುವವರೇ ಹೆಚ್ಚು.

ಸಮಿತಿಯ ಸಭೆಗಳು ಬಾಗಿಲು ಹಾಕಿಕೊಂಡೇ ನಡೆಯುತ್ತವೆ. ಲೋಕಸಭೆಯ ನಿಯಮಗಳಲ್ಲಿ 266ನೆಯದು ಇದನ್ನು ಹೇಳುತ್ತದೆ. ಸದನದಲ್ಲಿ ಮಂಡಿಸುವವರೆಗೆ ಸಾಕ್ಷ್ಯವನ್ನು ಯಾರೂ ಪ್ರಕಟಿಸಬಾರದು ಎಂದು 275ನೆಯದು ಹೇಳುತ್ತದೆ. ರಾಜ್ಯಗಳ ವಿಧಾನಸಭೆಗಳ ನಿಯಮಾವಳಿಗಳೂ ಇದೇ ಜಾಡಿನಲ್ಲಿ ರಚಿತವಾದವು. ಉದ್ದನೆಯ ಮೇಜಿನ ತಲೆಭಾಗದಲ್ಲಿ ಅಧ್ಯಕ್ಷರು, ಇಕ್ಕೆಲಗಳಲ್ಲಿ ಸದಸ್ಯರು, ಎದುರು ತುದಿಯಲ್ಲಿ ನೀವು. ಪಕ್ಕದಲ್ಲಿ ನಮ್ಮಂಥವರು ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿರುತ್ತೇವೆ. ನಿಮ್ಮ ಪ್ರತಿ ಮಾತೂ ಶಬ್ದಶಃ ದಾಖಲಾಗುತ್ತದೆ. ತಲೆ ಆಡಿಸಿದರೆ ದಾಖಲಾಗುವುದಿಲ್ಲ! ಹೌದು ಅಥವಾ ಇಲ್ಲ ಎಂದು ಬಾಯಿಬಿಟ್ಟು ಹೇಳಬೇಕು.

ಮುಖ್ಯವಾದ ಮಾತಿಗೆ ಬರುತ್ತೇನೆ. ಲೋಕಸಭಾಧ್ಯಕ್ಷರ ನಿರ್ದೇಶನಗಳ ಪ್ರಕಾರ, ಸಾಕ್ಷ್ಯ ಆರಂಭವಾಗುವ ಮೊದಲೇ ಸಮಿತಿಯ ಅಧ್ಯಕ್ಷರು ಸಾಕ್ಷಿಗೆ ಒಂದು ವಿಷಯವನ್ನು ಮನವರಿಕೆ ಮಾಡಿಕೊಡಬೇಕು: ನೀವು ಹೇಳುವುದು ಸಾರ್ವಜನಿಕ ಎಂದು ಪರಿಗಣಿತವಾಗಿ ಪ್ರಕಟವಾಗಬಹುದು, ಪೂರ್ತಿಯಾಗಿಯೋ ಭಾಗಶಃವೋ ಗೌಪ್ಯವಾಗಿಡಬೇಕೆಂದು ನೀವು ನಿರ್ದಿಷ್ಟವಾಗಿ ಕೋರಿದರೆ ಮಾತ್ರ ಬೇರೆ, ಹಾಗೆ ಕೋರಿದರೂ ಸದಸ್ಯರಿಗೆ ಅದು ಲಭ್ಯವಾಗಬಹುದು. ಈ ಮಾತನ್ನು ಬೆಳಗಿನ ಮೊದಲ ವಾಕ್ಯವಾಗಿ, ಪಠಣದಂತೆ ಒಂದೇ ಉಸಿರಿನಲ್ಲಿ ಓದಿಬಿಡುತ್ತಾರೆ. ಸಾಕ್ಷಿ ಆ ಹೊತ್ತಿಗೆ ಕುರ್ಚಿ ಎಳೆದುಕೊಳ್ಳುತ್ತಲೋ ಕನ್ನಡಕ ಹುಡುಕುತ್ತಲೋ ಇರುತ್ತಾನೆ. ನಿಮ್ಮಂಥದೇ ಹುದ್ದೆಯ ಒಬ್ಬರು ಹೀಗೆಯೇ "ಆಗಲಿ ಸರ್" ಎಂದುಬಿಟ್ಟು, ಅರ್ಧ ಗಂಟೆಯ ನಂತರ ತಮ್ಮ ಮೇಲಿನವರ ಹೆಸರು ಹೇಳಬೇಕಾದಾಗ ನೀರಿನ ಲೋಟ ಹಿಡಿದ ಕೈ ನಡುಗುತ್ತಿದ್ದದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಆಗಲೂ ಕೇಳಬಹುದಿತ್ತು, ಅವರಿಗೆ ತಿಳಿದಿರಲಿಲ್ಲ. ನೀವು ಕೇಳಿ. ಯಾವ ಭಾಗವನ್ನು ಗೌಪ್ಯವಾಗಿಡಬೇಕು ಎಂಬುದನ್ನು ಬರೆದುಕೊಂಡೇ ಹೋಗಿ.

ಇನ್ನು ಸಾಕ್ಷಿಯ ನಡವಳಿಕೆಯ ಬಗ್ಗೆಯೂ ನಿರ್ದೇಶನಗಳಿವೆ. ಕೂರುವಾಗಲೂ ಏಳುವಾಗಲೂ ಪೀಠಕ್ಕೆ ತಲೆಬಾಗಬೇಕು, ಭಾಷೆ ಸಭ್ಯವಾಗಿರಬೇಕು, ಸಮಿತಿಯ ಮುಂದೆ ಧೂಮಪಾನ ಮಾಡಬಾರದು, ಏನನ್ನೂ ಅಗಿಯಬಾರದು. ಎಲೆಅಡಿಕೆ ಅಭ್ಯಾಸವಿದ್ದರೆ ಸಂಚಿಯನ್ನು ಹೊರಗೇ ಬಿಟ್ಟು ಬನ್ನಿ. ಉತ್ತರಿಸಲು ನಿರಾಕರಿಸುವುದು, ಸತ್ಯವನ್ನು ಬೇಕೆಂದೇ ಮುಚ್ಚಿಡುವುದು, ದಾಖಲೆ ನಾಶಪಡಿಸುವುದು ಸದನದ ನಿಂದನೆ ಎನಿಸಿಕೊಳ್ಳುತ್ತವೆ. ನಿಮ್ಮ ಮೇಲಧಿಕಾರಿಯ ಹಿತವಚನ ಇಲ್ಲಿಯೇ ಅಪಾಯಕಾರಿ. "ಎರಡನೆಯ ನಕ್ಷೆ ಹೇಗೆ ಬಂತು" ಎಂದು ಕೇಳಿದಾಗ ನೀವು ತಿಳಿದೂ ತಿಳಿಯದು ಎಂದರೆ ಇಲಾಖೆ ಕಾಪಾಡಲು ಬರುವುದಿಲ್ಲ.


ಮೇಜಿನ_ಆಚೆ

ನಾನು ನೌಕರರ ಸಂಘದಲ್ಲಿ ಬಹಳ ವರ್ಷ ಓಡಾಡಿದವನು. ಮೇಲಿನ ಇಬ್ಬರೂ ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಬಾಂದುಕಲ್ಲು ಅವರ ನಿದ್ದೆ ಕೆಡಿಸಿರುವುದು ಮಾನನಷ್ಟ ಮೊಕದ್ದಮೆ ಅಲ್ಲ, ಪೆನ್ಷನ್. ಅದರ ಬಗ್ಗೆ ಮಾತನಾಡೋಣ.

ಸಾಕ್ಷಿಗೆ ಕಿರುಕುಳ ಕೊಟ್ಟರೆ ಸದನದ ನಿಂದನೆ ಎನ್ನುತ್ತಾರೆ. ಸರಿ, ಆ ದೂರನ್ನು ಎತ್ತಬೇಕಾದವರು ಯಾರು? ಒಬ್ಬ ಸದಸ್ಯರು. ಒಪ್ಪಬೇಕಾದವರು ಯಾರು? ಸಭಾಧ್ಯಕ್ಷರು. ತೀರ್ಮಾನಿಸಬೇಕಾದದ್ದು ಯಾವುದು? ಆಡಳಿತ ಪಕ್ಷಕ್ಕೇ ಬಹುಮತವಿರುವ ಸದನ. ಕಿರುಕುಳ ಕೊಟ್ಟದ್ದು ಸರ್ಕಾರದ್ದೇ ಇಲಾಖೆಯಾದರೆ ಈ ಸರಪಳಿ ಎಲ್ಲಿ ತುಂಡಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕದ ವಿಧಾನಸಭೆ 2017ರಲ್ಲಿ, ಸದನದ ವಿಶೇಷಾಧಿಕಾರ ಭಂಗದ ದೂರುಗಳನ್ನು ವಿಚಾರಿಸುವ ಹಕ್ಕುಬಾಧ್ಯತಾ ಸಮಿತಿಯ ಶಿಫಾರಸಿನ ಮೇಲೆ, ಇಬ್ಬರು ಪತ್ರಕರ್ತರಿಗೆ ತಲಾ ಒಂದು ವರ್ಷ ಸಜೆ, 10,000 ರೂಪಾಯಿ ದಂಡ ಘೋಷಿಸಿತು. ಶಾಸಕರ ಬಗ್ಗೆ ಬರೆದವರ ಮೇಲೆ ಬೀಸಲು ಈ ಅಧಿಕಾರ ಒರೆಯಿಂದ ಸಲೀಸಾಗಿ ಹೊರಬರುತ್ತದೆ. ಬಡ ಸಾಕ್ಷಿಯನ್ನು ಕಾಯಲು ಹೊರಬರುವುದನ್ನು ನಾನು ಕಂಡಿಲ್ಲ.

ಬೆಂಗಳೂರು ನಗರ ಜಿಲ್ಲೆಯ ಭೂಒತ್ತುವರಿ ಕುರಿತು ಎ.ಟಿ. ರಾಮಸ್ವಾಮಿ ಅವರ ಅಧ್ಯಕ್ಷತೆಯ ಜಂಟಿ ಸದನ ಸಮಿತಿ, ಕೆರೆ ಒತ್ತುವರಿ ಕುರಿತು ಕೆ.ಬಿ. ಕೋಳಿವಾಡ ಅವರ ಅಧ್ಯಕ್ಷತೆಯ ಸಮಿತಿ, ಎರಡೂ ದೊಡ್ಡ ಕೆಲಸ ಮಾಡಿದವು. ಆದರೆ ಇಂಥ ಸಮಿತಿಗಳ ಅಸ್ತಿವಾರವೇ ಕೆಳಹಂತದ ನೌಕರನ ನಕ್ಷೆ ಮತ್ತು ಮಹಜರು, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಬರೆದು ಹಾಜರಿದ್ದವರು ಸಹಿ ಹಾಕಿದ ದಾಖಲೆ. ವರದಿ ಮಂಡನೆಯಾದ ಮೇಲೆ ಸಮಿತಿ ಕಣ್ಮರೆಯಾಗುತ್ತದೆ, ನೌಕರ ಅದೇ ಕುರ್ಚಿಯಲ್ಲಿ ಅದೇ ಮೇಲಧಿಕಾರಿಯ ಕೆಳಗೆ ಉಳಿಯುತ್ತಾನೆ.

ಬ್ರಿಟನ್ನಿನವರು ಈ ತೊಡಕನ್ನು ಅರಿತದ್ದು ಒಬ್ಬ ಸ್ಟೇಷನ್ ಮಾಸ್ಟರಿನಿಂದ. ರೈಲ್ವೆ ನೌಕರರ ದುಡಿಮೆಯ ಗಂಟೆಗಳ ಬಗ್ಗೆ ವಿಚಾರಿಸುತ್ತಿದ್ದ ಕಾಮನ್ಸ್ ಸಮಿತಿಯ ಮುಂದೆ ಕೇಂಬ್ರಿಯನ್ ರೈಲ್ವೆಯ ಜಾನ್ ಹುಡ್ ಎಂಬಾತ ಸಾಕ್ಷ್ಯ ಹೇಳಿದ. ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. 1892ರ ಏಪ್ರಿಲ್‌ನಲ್ಲಿ ಸದನ ಆ ಕಂಪನಿಯ ನಿರ್ದೇಶಕರನ್ನೂ ವ್ಯವಸ್ಥಾಪಕನನ್ನೂ ಕರೆಸಿ ಸ್ಪೀಕರ್ ಬಾಯಿಂದ ಛೀಮಾರಿ ಹಾಕಿಸಿತು. ಆ ನಿರ್ದೇಶಕರಲ್ಲಿ ಒಬ್ಬರು ಅದೇ ಸದನದ ಸದಸ್ಯರು. ಛೀಮಾರಿಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ ಎಂಬುದು ಅವರಿಗೂ ಹೊಳೆದಿರಬೇಕು. ಅದೇ ವರ್ಷ ಒಂದು ಕಾಯ್ದೆ ಬಂತು: ಸಂಸದೀಯ ಸಮಿತಿಯ ಮುಂದೆ ಸಾಕ್ಷ್ಯ ನೀಡಿದ್ದಕ್ಕಾಗಿ ಯಾರನ್ನಾದರೂ ಶಿಕ್ಷಿಸುವುದು, ಅವರಿಗೆ ಹಾನಿ ಮಾಡುವುದು ಅಪರಾಧ, 100 ಪೌಂಡ್‌ವರೆಗೆ ದಂಡ ಇಲ್ಲವೇ ಮೂರು ತಿಂಗಳವರೆಗೆ ಸೆರೆ. ಈಗ ಸಾಕ್ಷಿ ಸದನದ ದಯೆಗೆ ಕಾಯಬೇಕಿಲ್ಲ, ಸಾಮಾನ್ಯ ನ್ಯಾಯಾಲಯವೇ ನೋಡಿಕೊಳ್ಳುತ್ತದೆ.

ನಮ್ಮಲ್ಲಿ? 2018ರ ಡಿಸೆಂಬರಿನಲ್ಲಿ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜಾರಿಗೊಳಿಸಿದ ಸಾಕ್ಷಿ ಸಂರಕ್ಷಣಾ ಯೋಜನೆ ಗಂಭೀರ ಕ್ರಿಮಿನಲ್ ಮೊಕದ್ದಮೆಗಳ ಸಾಕ್ಷಿಗಳಿಗಾಗಿ ಮಾಡಿದ್ದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 398ನೆಯ ಪ್ರಕರಣ ಪ್ರತಿ ರಾಜ್ಯವೂ ಯೋಜನೆ ಪ್ರಕಟಿಸಬೇಕೆನ್ನುತ್ತದೆ, ಅದರ ಕಣ್ಣೂ ಅತ್ತಲೇ. ಭ್ರಷ್ಟಾಚಾರ ಬಯಲಿಗೆಳೆದವರನ್ನು ಕಾಯಲೆಂದು 2014ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು, ಜಾರಿಗೆ ಮಾತ್ರ ತರಲಿಲ್ಲ. ಹೀಗಾಗಿ, ಸರ್, ಧೈರ್ಯವಾಗಿ ಹೋಗಿ ಎನ್ನುವ ಮೊದಲು ನಾನು ಹತ್ತು ಸಲ ಯೋಚಿಸುತ್ತೇನೆ.


ಕಲಂ_ಧಾರವಾಡ

ಕಾಯ್ದೆ ಇಲ್ಲ ಎಂಬುದನ್ನು ಒಪ್ಪುತ್ತೇನೆ. ಏನೂ ಇಲ್ಲ ಎಂಬುದನ್ನು ಒಪ್ಪಲಾರೆ.

ಸದನ ಈ ಅಧಿಕಾರವನ್ನು ಅಧಿಕಾರಿಗಳ ಪರವಾಗಿ ಬಳಸಿದ್ದುಂಟು, ಅದೂ ನಮ್ಮದೇ ರಾಜ್ಯದ ಕ್ಷೇತ್ರವೊಂದರ ಸದಸ್ಯರ ಮೇಲೆ. ಮಾರುತಿ ಕಂಪನಿಯ ಬಗ್ಗೆ ಲೋಕಸಭೆಯಲ್ಲಿ ಕೇಳಲಾಗಿದ್ದ ಪ್ರಶ್ನೆಗೆ ಉತ್ತರ ಸಿದ್ಧಪಡಿಸಲು ಮಾಹಿತಿ ಸಂಗ್ರಹಿಸುತ್ತಿದ್ದ ನಾಲ್ವರು ಅಧಿಕಾರಿಗಳಿಗೆ ಅಡ್ಡಿಪಡಿಸಿ, ಬೆದರಿಸಿ, ಅವರ ಮೇಲೆ ಸುಳ್ಳು ಪ್ರಕರಣ ಹಾಕಿಸಿದರು ಎಂದು ಹಕ್ಕುಬಾಧ್ಯತಾ ಸಮಿತಿ ಇಂದಿರಾ ಗಾಂಧಿಯವರ ವಿರುದ್ಧ ತೀರ್ಮಾನಿಸಿತು; 1978ರ ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಸೆರೆಗೆ ಕಳುಹಿಸಿತು. ಹಿಂದಿನ ತಿಂಗಳಷ್ಟೇ ಅವರು ಚಿಕ್ಕಮಗಳೂರಿನಿಂದ ಗೆದ್ದು ಹೋಗಿದ್ದರು. ಸಮಿತಿಯ ಸಾಕ್ಷಿಗಳಿಗೆ ಕಿರುಕುಳವಾದ ಪ್ರಕರಣ ಅದಲ್ಲವಾದರೂ, ಸದನಕ್ಕಾಗಿ ಕೆಲಸ ಮಾಡುವ ನೌಕರನನ್ನು ಮುಟ್ಟಿದರೆ ಸದನವನ್ನೇ ಮುಟ್ಟಿದಂತೆ ಎಂಬ ತತ್ವ ಅಲ್ಲಿದೆ.


ಮೇಜಿನ_ಆಚೆ

ಮೇಡಂ, ಕಥೆಯ ಉಳಿದರ್ಧವನ್ನೂ ಹೇಳಿ. ಸರ್ಕಾರ ಬದಲಾದ ಮೇಲೆ, 1981ರ ಮೇ ತಿಂಗಳಲ್ಲಿ, ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದುಪಡಿಸಿತು. 1978ರ ತೀರ್ಮಾನ ಸರಿಯೋ 1981ರದ್ದು ಸರಿಯೋ ನಾನು ಹೇಳಲು ಹೋಗುವುದಿಲ್ಲ. ಎರಡು ಸಲವೂ ತೂಗಿದ್ದು ಸದನದ ಬಹುಮತ, ನಡುವೆ ಆ ನಾಲ್ವರು ಅಧಿಕಾರಿಗಳು. ನನ್ನ ಮಾತು ಇಷ್ಟೇ.


ಬಾಂದುಕಲ್ಲು

ಎಲ್ಲರಿಗೂ ಕೃತಜ್ಞತೆಗಳು. ಮೊದಲ ಪತ್ರದಲ್ಲಿ ಬರೆಯಲು ಸಂಕೋಚಪಟ್ಟ ಒಂದು ವಿಷಯವನ್ನು ಈಗ ಹೇಳಿಬಿಡುತ್ತೇನೆ. ಎರಡನೆಯ ನಕ್ಷೆಗೆ ನನ್ನ ಸಹಿ ಇಲ್ಲ ಎಂದೆ, ಅದು ನಿಜ. ಆದರೆ ಆ ನಕ್ಷೆಯ ಜೊತೆಗಿರುವ ಮಹಜರಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಸಂಜೆ ಆರರ ಮೇಲೆ, ಕಚೇರಿಯ ಮೇಜಿನ ಮೇಲೆ, "ಎಲ್ಲರೂ ಹಾಕಿದ್ದಾರೆ" ಎಂಬ ಮಾತಿಗೆ ಹಾಕಿದ ಸಹಿ ಅದು. ಅಂದು ನಾನು ಸ್ಥಳಕ್ಕೆ ಹೋಗಿರಲೇ ಇಲ್ಲ. ಸಮಿತಿ ಇದನ್ನು ಕೇಳಿದರೆ ನಾನು ಉತ್ತರಿಸಲೇಬೇಕೇ? ಉತ್ತರಿಸಿದರೆ ಅದನ್ನೇ ಹಿಡಿದು ನನ್ನ ಮೇಲೆ ಪ್ರಕರಣ ದಾಖಲಿಸಬಹುದೇ?


ಕಲಂ_ಧಾರವಾಡ

ಹೇಳಿದ್ದು ಒಳ್ಳೆಯದಾಯಿತು ಸರ್. ಆದರೆ ಇನ್ನು ಮುಂದೆ ಈ ಸಂಗತಿಯನ್ನು ಇಲ್ಲಿ ವಿಸ್ತರಿಸಬೇಡಿ. ಇದು ಸಮಿತಿಯ ಕೊಠಡಿಯಲ್ಲ, ಇಲ್ಲಿ ಬರೆದದ್ದಕ್ಕೆ ಯಾವ ರಕ್ಷಣೆಯೂ ಇಲ್ಲ.

ಸಂವಿಧಾನದ 20ನೆಯ ವಿಧಿಯ ಮೂರನೆಯ ಖಂಡ, ಅಪರಾಧದ ಆರೋಪಕ್ಕೆ ಒಳಗಾದ ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸಬಾರದು ಎನ್ನುತ್ತದೆ. "ಆರೋಪಕ್ಕೆ ಒಳಗಾದ" ಎಂಬ ಮಾತು ಅಲ್ಲಿ ತಕ್ಕಡಿಯ ಮುಳ್ಳಿದ್ದಂತೆ. ನಿಮ್ಮ ಮೇಲೆ ಇಂದಿಗೆ ಎಫ್ಐಆರ್ ಇಲ್ಲ ಎಂದಾದರೆ ಈ ಖಂಡದ ಆಸರೆ ಸುಲಭವಾಗಿ ಸಿಗುವುದಿಲ್ಲ. ಮೇಲೆ ಹೇಳಿದ 1978ರ ಪ್ರಕರಣದಲ್ಲಿ ಇಂದಿರಾ ಗಾಂಧಿಯವರು ಇದೇ ಖಂಡವನ್ನು ಮುಂದಿಟ್ಟು ಪ್ರಮಾಣ ಸ್ವೀಕರಿಸಿ ಸಾಕ್ಷ್ಯ ನುಡಿಯಲು ನಿರಾಕರಿಸಿದರು. ಸಮಿತಿ ಆ ವಾದವನ್ನು ಒಪ್ಪಲಿಲ್ಲ.

ಇತ್ತೀಚಿನ ತೀರ್ಪೆಂದರೆ 2021ರ ಜುಲೈ 8ರಂದು ಬಂದ ಅಜಿತ್ ಮೋಹನ್ ಪ್ರಕರಣದ್ದು. 2020ರ ದೆಹಲಿ ಗಲಭೆಯ ಹಿನ್ನೆಲೆಯಲ್ಲಿ ದೆಹಲಿ ವಿಧಾನಸಭೆಯ ಶಾಂತಿ ಮತ್ತು ಸೌಹಾರ್ದ ಸಮಿತಿ ಫೇಸ್‌ಬುಕ್‌ನ ಭಾರತ ಮುಖ್ಯಸ್ಥರಿಗೆ ಸಮನ್ಸ್ ಕಳುಹಿಸಿತ್ತು. ಸದಸ್ಯರಲ್ಲದವರನ್ನೂ ಕರೆಸುವ ಅಧಿಕಾರ ಸಮಿತಿಗಿದೆ, ಬಾರದೆ ಹೋದರೆ ಹಕ್ಕುಚ್ಯುತಿಯ ಕ್ರಮ ಜರುಗಿಸಬಹುದು ಎಂದ ಸುಪ್ರೀಂ ಕೋರ್ಟ್, ಅದೇ ಉಸಿರಿನಲ್ಲಿ ಸಮಿತಿ ತನಿಖಾ ಸಂಸ್ಥೆಯಂತೆ ವರ್ತಿಸುವಂತಿಲ್ಲ ಎಂದೂ ಹೇಳಿತು. ಆ ವಿಧಾನಸಭೆಯ ವ್ಯಾಪ್ತಿಗೇ ಬಾರದ ಕಾನೂನು ಸುವ್ಯವಸ್ಥೆ, ಪೊಲೀಸ್ ವಿಷಯಗಳ ಪ್ರಶ್ನೆಗಳಿಗೆ ಉತ್ತರಿಸದಿರುವುದು ತಪ್ಪಲ್ಲ ಎಂಬುದು ಆ ತೀರ್ಪಿನ ಸಾರ. ಭೂಮಿ ಮತ್ತು ಕೆರೆ ರಾಜ್ಯದ ವಿಷಯಗಳೇ ಆದ್ದರಿಂದ ನಿಮಗೆ ಆ ದಾರಿ ಇಲ್ಲ. ಆದರೆ ಪ್ರಶ್ನೆ ವಿಷಯಕ್ಕೆ ಸಂಬಂಧಿಸಿದ್ದೇ ಎಂಬ ತಕರಾರು ಬಂದರೆ ಅದನ್ನು ಸಭಾಧ್ಯಕ್ಷರಿಗೆ ಒಪ್ಪಿಸಬೇಕು, ಅವರ ತೀರ್ಮಾನವೇ ಅಂತಿಮ ಎಂದು ಲೋಕಸಭೆಯ 270ನೆಯ ನಿಯಮ ಹೇಳುತ್ತದೆ; ವಕೀಲರ ಮೂಲಕ ಅಹವಾಲು ಹೇಳಿಕೊಳ್ಳಲು ಸಾಕ್ಷಿಗೆ ಅನುಮತಿ ಕೊಡಬಹುದು ಎಂದು 271ನೆಯದು ಹೇಳುತ್ತದೆ. ಸಮಿತಿಯ ಕಾರ್ಯದರ್ಶಿಗೆ ಈಗಲೇ ಪತ್ರ ಬರೆದು ವಕೀಲರ ನೆರವಿಗೆ ಅನುಮತಿ ಕೋರಿ.

ನಿಮ್ಮ ಉತ್ತರವನ್ನು ಕ್ರಿಮಿನಲ್ ನ್ಯಾಯಾಲಯಕ್ಕೆ ತರುವುದು ಸುಲಭವಲ್ಲ. ಸದನದ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು ಸದನದ ಅನುಮತಿ ಬೇಕು. ಆದರೆ ಮಹಜರು ಸದನದ ದಾಖಲೆಯಲ್ಲ, ಅದು ನಿಮ್ಮ ಕಚೇರಿಯ ಕಡತದಲ್ಲಿದೆ, ನೀವು ಬಾಯಿ ತೆರೆದರೂ ತೆರೆಯದಿದ್ದರೂ ಅಲ್ಲಿಯೇ ಇರುತ್ತದೆ. ಅಮೆರಿಕದಲ್ಲಿ ಸಮಿತಿಯ ಮೂರನೆಯ ಎರಡು ಭಾಗ ಸದಸ್ಯರು ಒಪ್ಪಿದರೆ ನ್ಯಾಯಾಲಯದ ಆದೇಶ ಪಡೆದು, ಸಾಕ್ಷಿ ಹೇಳಿದ್ದನ್ನು ಅವನ ವಿರುದ್ಧ ಬಳಸದಂತೆ ವಿನಾಯಿತಿ ಕೊಡುವ ಕಾನೂನಿದೆ; ಇರಾನಿಗೆ ಗುಟ್ಟಾಗಿ ಶಸ್ತ್ರ ಮಾರಿದ ಇರಾನ್-ಕಾಂಟ್ರಾ ಹಗರಣದಲ್ಲಿ ಹಾಗೆ ಸಾಕ್ಷ್ಯ ನುಡಿದ ಸೇನಾಧಿಕಾರಿ ಆಲಿವರ್ ನಾರ್ತ್ ಮೇಲಿನ ಶಿಕ್ಷೆಯನ್ನು 1990ರಲ್ಲಿ ಮೇಲ್ಮನವಿ ನ್ಯಾಯಾಲಯ ಅದೇ ಕಾರಣಕ್ಕೆ ತಳ್ಳಿಹಾಕಿತು. ನಮ್ಮ ಸಮಿತಿಗಳಿಗೆ ಅಂಥ ಅಧಿಕಾರವಿಲ್ಲ.

ಮೆಟ್ಟಿಲ ಬಳಿ ಆಡಿದ ಮಾತನ್ನು ದಿನಾಂಕ, ವೇಳೆ ಸಹಿತ ಇವತ್ತೇ ಬರೆದಿಡಿ. ಸಾಕ್ಷ್ಯದ ನಂತರ ನಿಮ್ಮ ಮೇಲೆ ಕ್ರಮವಾದರೆ ಎರಡು ಬಾಗಿಲು ತಟ್ಟಬೇಕು: ಒಂದು ಸಮಿತಿಯ ಅಧ್ಯಕ್ಷರದು, ಇನ್ನೊಂದು ಕರ್ನಾಟಕ ಆಡಳಿತ ನ್ಯಾಯಮಂಡಳಿಯದು. ದುರುದ್ದೇಶದ ವರ್ಗಾವಣೆಯನ್ನು ಪ್ರಶ್ನಿಸುವಾಗ ಸಮನ್ಸ್‌ನ ದಿನಾಂಕ ಮತ್ತು ಆದೇಶದ ದಿನಾಂಕಗಳ ನಡುವಿನ ಅಂತರವೇ ಎಷ್ಟೋ ಸಲ ದೊಡ್ಡ ಸಾಕ್ಷ್ಯವಾಗುತ್ತದೆ.


ಕ್ಯಾನ್‌ಬೆರಾ_ಕನ್ನಡಿಗ

ಹೊರಗಿನವನ ಒಂದು ಮಾತು. ನಾನಿರುವ ಆಸ್ಟ್ರೇಲಿಯಾದಲ್ಲಿ 1987ರ ಸಂಸದೀಯ ವಿಶೇಷಾಧಿಕಾರಗಳ ಕಾಯ್ದೆಯ 16ನೆಯ ಪ್ರಕರಣವು ಸಮಿತಿಯ ಮುಂದಿನ ಸಾಕ್ಷ್ಯವನ್ನೂ ಸಂಸತ್ತಿನ ಕಲಾಪ ಎಂದೇ ಹೆಸರಿಸಿ ಕಲಾಪದ ರಕ್ಷಣೆ ಕೊಟ್ಟಿದೆ. 12ನೆಯ ಪ್ರಕರಣವು ಸಾಕ್ಷಿಯ ಮೇಲೆ ಒತ್ತಡ ಹೇರುವುದನ್ನೂ, ಸಾಕ್ಷ್ಯ ನೀಡಿದ ಕಾರಣಕ್ಕೆ ಅವರಿಗೆ ಸಲ್ಲಬೇಕಾದ ಸೌಲಭ್ಯ ತಪ್ಪಿಸುವುದನ್ನೂ ಅಪರಾಧ ಮಾಡಿದೆ. ಆರು ತಿಂಗಳವರೆಗೆ ಸೆರೆವಾಸವಿದೆ. ಇಡೀ ಕಾಯ್ದೆ ಕೆಲವೇ ಪುಟಗಳದು. ನಮ್ಮ 194ನೆಯ ವಿಧಿಯ ಮೂರನೆಯ ಖಂಡದ ಕೆಳಗೆ ವಿಧಾನಮಂಡಲ ಮನಸ್ಸು ಮಾಡಿದರೆ ಇಷ್ಟೇ ಪುಟಗಳಲ್ಲಿ ಮುಗಿಸಬಹುದು ಎಂದು ಓದುವಾಗ ಅನಿಸಿತು.


ಬಾಂದುಕಲ್ಲು

ಮೇಡಂ ಹೇಳಿದಂತೆ ಇಂದು ಬೆಳಿಗ್ಗೆ ಕಾರ್ಯದರ್ಶಿಯವರಿಗೆ ಎರಡು ಕೋರಿಕೆಗಳ ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ: ವಕೀಲರ ನೆರವಿಗೆ ಅನುಮತಿ, ಮಹಜರಿನ ಭಾಗಕ್ಕೆ ಗೌಪ್ಯತೆ. ಅಳತೆ ಪುಸ್ತಕದ ಮೂಲ ಪ್ರತಿ ಕಚೇರಿಯ ಸುಪರ್ದಿಯಲ್ಲಿರುವುದರಿಂದ ಅದನ್ನು ಒಯ್ಯಲು ಸ್ವೀಕೃತಿ ಬರೆದುಕೊಟ್ಟು, ಪುಟಸಂಖ್ಯೆ ನಮೂದಿಸಿ ತೆಗೆದುಕೊಂಡಿದ್ದೇನೆ. ಸಂಘದ ಮಿತ್ರರಲ್ಲಿ ಒಂದು ವಿನಂತಿ: ಅಂದು ಹೊರಗಿನ ಬೆಂಚಿನ ಮೇಲೆ ನಮ್ಮವರೊಬ್ಬರು ಕೂತಿದ್ದರೆ ನನಗೆ ಧೈರ್ಯ. ತಾವು ಬರಬಲ್ಲಿರಾ?


ಮೇಜಿನ_ಆಚೆ

ಬರುತ್ತೇನೆ. ದಿನಾಂಕವನ್ನು ಇಲ್ಲಿ ಹಾಕಬೇಡಿ, ಖಾಸಗಿ ಸಂದೇಶದಲ್ಲಿ ತಿಳಿಸಿ.